ಇಆರ್‌ಪಿನೆಕ್ಸ್ಟ್ ಬಿಲ್ ಟ್ಯಾಲಿಗೆ ಬರುತ್ತಿಲ್ಲವೇ? ದೋಷ ಹುಡುಕುವ ಬಗೆ

ಮಾರಾಟದವರು ಇಆರ್‌ಪಿನೆಕ್ಸ್ಟ್ ಎಂಬ, ಬ್ರೌಸರಿನಲ್ಲಿ ತೆರೆಯುವ ವ್ಯವಹಾರ ತಂತ್ರಾಂಶದಲ್ಲಿ ಬಿಲ್ ಮಾಡುತ್ತಾರೆ. ಲೆಕ್ಕಪತ್ರ ಟ್ಯಾಲಿಪ್ರೈಮ್‌ನಲ್ಲಿರುತ್ತದೆ. ನಡುವೆ ಯಾರೋ ಬರೆದುಕೊಟ್ಟ ಒಂದು ಕನೆಕ್ಟರ್, ಅಂದರೆ ಬಿಲ್‌ಗಳನ್ನು ಅಲ್ಲಿಂದ ಇಲ್ಲಿಗೆ ಒಯ್ಯುವ ಪ್ರೋಗ್ರಾಂ. ಮಾರಾಟದವರಿಗೆ ಮೊಬೈಲಿನಲ್ಲೂ ತೆರೆಯುವಂಥದ್ದು ಬೇಕು, ಆಡಿಟರ್‌ಗೆ ಟ್ಯಾಲಿಯೇ ಬೇಕು, ಹಾಗಾಗಿ ಎಷ್ಟೋ ಕಚೇರಿಗಳಲ್ಲಿ ಎರಡೂ ಉಳಿದುಕೊಳ್ಳುತ್ತವೆ. ತಿಂಗಳ ಕೊನೆಗೆ ಎರಡು ಕಡೆಯ ಮಾರಾಟದ ಮೊತ್ತ ತಾಳೆಯಾಗದಿದ್ದಾಗ ಅಕೌಂಟೆಂಟ್ ಡೆವಲಪರ್ ಕಡೆಗೆ, ಡೆವಲಪರ್ ಅಕೌಂಟೆಂಟ್ ಕಡೆಗೆ ಬೆರಳು ತೋರಿಸುತ್ತಾರೆ. ಇಬ್ಬರೂ ಒಂದೇ ಮೇಜಿನ ಮುಂದೆ ಕೂತು ಹುಡುಕಲಿ ಎಂಬ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ.

‘ಬಿಲ್ ಬರುತ್ತಿಲ್ಲ’ ಎಂಬ ಒಂದೇ ದೂರಿನೊಳಗೆ ನಾಲ್ಕು ಬೇರೆ ದೋಷಗಳಿರಬಹುದು. ಬಿಲ್ ಅಲ್ಲಿಂದ ಹೊರಟೇ ಇಲ್ಲ. ಹೊರಟಿದೆ, ಟ್ಯಾಲಿಯ ತನಕ ತಲುಪಿಲ್ಲ. ತಲುಪಿದೆ, ಟ್ಯಾಲಿ ಒಪ್ಪಿಲ್ಲ. ಒಪ್ಪಿದೆ, ಆದರೆ ಬೇರೆ ದಿನಾಂಕದಲ್ಲೋ ಬೇರೆ ಕಂಪನಿಯಲ್ಲೋ ಹೋಗಿ ಕೂತಿದೆ. ನಾಲ್ಕಕ್ಕೂ ಮದ್ದು ಬೇರೆಬೇರೆ. ಆದ್ದರಿಂದ ಸೆಟ್ಟಿಂಗ್ ತಡಕಾಡುವ ಮುಂಚೆ ಕಾಣೆಯಾದ ಬಿಲ್‌ಗಳಲ್ಲಿ ಒಂದನ್ನು, ಒಂದನ್ನು ಮಾತ್ರ, ಆರಿಸಿಕೊಳ್ಳಿ. ಅದರ ಸಂಖ್ಯೆ, ದಿನಾಂಕ, ಮೊತ್ತವನ್ನು ಕಾಗದದ ಮೇಲೆ ಬರೆದಿಟ್ಟು ಅದರ ಜಾಡು ಹಿಡಿದು ಹೋಗಿ. ಬಾಕಿ ಉಳಿದವನ್ನೆಲ್ಲ ಮತ್ತೆ ಕಳಿಸುವ ಬಟನ್ ಒತ್ತುವ ಆಸೆಯನ್ನು ತಡೆದುಕೊಳ್ಳಿ. ಕಾರಣ ತಿಳಿಯದೆ ಒತ್ತಿದರೆ ಕಾಣೆಯಾದ ಬಿಲ್‌ಗಳ ಜೊತೆಗೆ ಎರಡೆರಡು ಸಲ ಬಿದ್ದ ಬಿಲ್‌ಗಳೂ ಸೇರಿಕೊಳ್ಳುತ್ತವೆ, ಆಗ ಹುಡುಕುವ ಕೆಲಸ ಎರಡು ಪಟ್ಟಾಗುತ್ತದೆ.

ಬಿಲ್ ಹೊರಟಿದೆಯೇ?

ಇಆರ್‌ಪಿನೆಕ್ಸ್ಟ್‌ನಲ್ಲಿ ಆ ಬಿಲ್ ತೆರೆದು ಅದು ಸಬ್‌ಮಿಟ್ ಆಗಿದೆಯೇ ನೋಡಿ. ಡ್ರಾಫ್ಟ್ ಸ್ಥಿತಿಯಲ್ಲೇ ಪ್ರಿಂಟ್ ತೆಗೆದು ಗ್ರಾಹಕರಿಗೆ ಕೊಟ್ಟಿದ್ದರೆ ಕನೆಕ್ಟರ್‌ಗೆ ಅದರ ಸುದ್ದಿಯೇ ತಿಳಿದಿರುವುದಿಲ್ಲ. ಸಬ್‌ಮಿಟ್ ಆಗಿದ್ದರೆ ವೆಬ್‌ಹುಕ್ ರಿಕ್ವೆಸ್ಟ್ ಲಾಗ್ ತೆರೆಯಿರಿ. ವೆಬ್‌ಹುಕ್ ಎಂದರೆ ಇಆರ್‌ಪಿನೆಕ್ಸ್ಟ್ ತಾನಾಗಿ ಕನೆಕ್ಟರ್‌ಗೆ ಕಳಿಸುವ ಸಂದೇಶ, ಅವುಗಳ ದಾಖಲೆಯೇ ಈ ಲಾಗ್. ಅಲ್ಲಿ ನಿಮ್ಮ ಬಿಲ್‌ನ ಸುಳಿವೇ ಇಲ್ಲದಿದ್ದರೆ ಹಿನ್ನೆಲೆ ಕೆಲಸಗಾರ ಪ್ರಕ್ರಿಯೆಗಳು, ಅಂದರೆ ವರ್ಕರ್‌ಗಳು, ನಿಂತಿರಬಹುದು. ವೆಬ್‌ಹುಕ್ ಸರದಿಗೆ ಸೇರಿ ಆಮೇಲೆ ಹೊರಡುತ್ತದೆ. ಸರದಿಯನ್ನು ಕರಗಿಸುವವರೇ ಇಲ್ಲದಿದ್ದರೆ ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ‘ಬೆಂಚ್ ಡಾಕ್ಟರ್’ ಆಜ್ಞೆ ಕೊಟ್ಟರೆ ವರ್ಕರ್‌ಗಳೂ ಶೆಡ್ಯೂಲರ್ ಕೂಡ ಬದುಕಿವೆಯೇ ಎಂದು ತಿಳಿಯುತ್ತದೆ. ಸರ್ವರ್ ಬದಲಾಯಿಸಿದ ಅಥವಾ ಬ್ಯಾಕಪ್‌ನಿಂದ ಮರುಸ್ಥಾಪಿಸಿದ ಮೇಲೆ ಇದನ್ನೇ ಮೊದಲು ನೋಡಬೇಕು.

ಲಾಗ್‌ನಲ್ಲಿ ದಾಖಲೆ ಇದ್ದು ಉತ್ತರದ ಜಾಗ ಖಾಲಿಯಿದ್ದರೆ ಬಿಲ್ ಹೊರಟಿದೆ, ಕನೆಕ್ಟರ್ ಸಕಾಲಕ್ಕೆ ಉತ್ತರಿಸಿಲ್ಲ. ವೆಬ್‌ಹುಕ್ ಕಾಯುವುದು ಕೆಲವೇ ಸೆಕೆಂಡು. ಉತ್ತರ ಬರದಿದ್ದರೆ ಇನ್ನೊಂದೆರಡು ಸಲ ಕಳಿಸಿ ನೋಡಿ ಕೈಬಿಡುತ್ತದೆ. ಕನೆಕ್ಟರ್‌ನ ವಿನ್ಯಾಸದಲ್ಲೇ ಇರುವ ಒಂದು ದೋಷ ಇಲ್ಲಿ ಸಿಕ್ಕಿಬೀಳುತ್ತದೆ: ಬಿಲ್ ಕೈಗೆ ಬಂದ ಮೇಲೆ ಟ್ಯಾಲಿಗೆ ಬರೆದು ಮುಗಿಯುವ ತನಕ ವೆಬ್‌ಹುಕ್ಕನ್ನು ಕಾಯಿಸುವುದು. ಟ್ಯಾಲಿ ತಡಮಾಡಿದ ದಿನ ಇದು ಖಂಡಿತ ಮುರಿಯುತ್ತದೆ. ಕನೆಕ್ಟರ್ ಬಿಲ್ ಪಡೆದ ಕೂಡಲೇ ತನ್ನ ದತ್ತಾಂಶಕೋಶದಲ್ಲಿ ಬರೆದುಕೊಂಡು ‘ಸಿಕ್ಕಿತು’ ಎಂದು ಹೇಳಿಬಿಡಬೇಕು, ಟ್ಯಾಲಿಯ ಕೆಲಸವನ್ನು ಆಮೇಲೆ ಒಂದೊಂದಾಗಿ ಮಾಡಬೇಕು.

ಟ್ಯಾಲಿಯ ಬಾಗಿಲು ತೆರೆದಿದೆಯೇ?

ಟ್ಯಾಲಿ ಓಡುತ್ತಿರುವ ಕಂಪ್ಯೂಟರಿನಲ್ಲೇ ಬ್ರೌಸರ್ ತೆರೆದು ವಿಳಾಸದ ಜಾಗದಲ್ಲಿ ಲೋಕಲ್‌ಹೋಸ್ಟ್, ಆಮೇಲೆ :9000 ಎಂದು ಹಾಕಿ. 9000 ಎಂಬುದು ಪೋರ್ಟ್, ಅಂದರೆ ಹೊರಗಿನ ಪ್ರೋಗ್ರಾಂಗಳು ಟ್ಯಾಲಿಯ ಜೊತೆ ಮಾತಾಡುವ ಬಾಗಿಲಿನ ಸಂಖ್ಯೆ. ‘ಟ್ಯಾಲಿಪ್ರೈಮ್ ಸರ್ವರ್ ಈಸ್ ರನ್ನಿಂಗ್’ ಎಂಬ ಒಂದು ಸಾಲು ಬಂದರೆ ಬಾಗಿಲು ತೆರೆದಿದೆ. ಬರದಿದ್ದರೆ ಎಫ್1 ಒತ್ತಿ ಸೆಟ್ಟಿಂಗ್ಸ್, ಕನೆಕ್ಟಿವಿಟಿ, ಕ್ಲೈಂಟ್/ಸರ್ವರ್ ಕಾನ್ಫಿಗರೇಶನ್‌ಗೆ ಹೋಗಿ. ಟ್ಯಾಲಿಪ್ರೈಮ್‌ನ ಪಾತ್ರ ‘ಸರ್ವರ್’ ಅಥವಾ ‘ಬೋತ್’ ಎಂದಿರಬೇಕು, ಪೋರ್ಟ್ 9000 ಇರಬೇಕು. ಬದಲಾಯಿಸಿದರೆ ಟ್ಯಾಲಿಯನ್ನು ಮುಚ್ಚಿ ತೆರೆಯಿರಿ.

ಸೆಟ್ಟಿಂಗ್ ಸರಿಯಿದ್ದೂ ಉತ್ತರ ಬರದಿದ್ದರೆ ಆ ಪೋರ್ಟನ್ನು ಬೇರೆ ಯಾವುದೋ ಪ್ರೋಗ್ರಾಂ ಹಿಡಿದಿರಬಹುದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್‌ಸ್ಟಾಟ್ ಆಜ್ಞೆಯನ್ನು -ano ಸೇರಿಸಿ ಓಡಿಸಿ 9000 ಇರುವ ಸಾಲು ನೋಡಿದರೆ ಪ್ರಕ್ರಿಯೆಯ ಸಂಖ್ಯೆ ಸಿಗುತ್ತದೆ. ಸೋನಾರ್‌ಕ್ಯೂಬ್, ಪೋರ್ಟೇನರ್‌ನಂಥ ಡೆವಲಪರ್‌ಗಳ ತಂತ್ರಾಂಶಗಳೂ ಇದೇ 9000ವನ್ನು ಬಳಸಬಹುದು. ಆದರೆ ಕಚೇರಿಗಳಲ್ಲಿ ಹೆಚ್ಚಾಗಿ ಸಿಗುವ ಕಾರಣ ಇನ್ನೊಂದು ಟ್ಯಾಲಿಯೇ. ಒಂದೇ ವಿಂಡೋಸ್ ಸರ್ವರ್‌ಗೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಮೂವರು ಬಂದು ಮೂರು ಟ್ಯಾಲಿ ತೆರೆದರೆ 9000 ಸಿಗುವುದು ಮೊದಲು ತೆರೆದವರಿಗೆ ಮಾತ್ರ. ಕನೆಕ್ಟರ್ ಮಾತಾಡುವುದು ಅವರ ಟ್ಯಾಲಿಯ ಜೊತೆ. ಅದರಲ್ಲಿ ನಿಮ್ಮ ಕಂಪನಿ ತೆರೆದಿರಬೇಕು ಎಂದೇನಿಲ್ಲ. ಕನೆಕ್ಟರ್‌ಗೆಂದೇ ಒಂದು ಟ್ಯಾಲಿ, ಅದಕ್ಕೇ ಮೀಸಲಾದ ಪೋರ್ಟ್ ಇಡುವುದು ಒಳ್ಳೆಯದು.

ರಾತ್ರಿ ವಿಂಡೋಸ್ ಅಪ್‌ಡೇಟ್ ಆಗಿ ಕಂಪ್ಯೂಟರ್ ತಾನಾಗಿ ಮರುಪ್ರಾರಂಭವಾದರೆ ಕನೆಕ್ಟರ್ ಸೇವೆ ಎದ್ದುಬಿಡುತ್ತದೆ, ಟ್ಯಾಲಿ ಎದ್ದಿರುವುದಿಲ್ಲ. ಎದ್ದರೂ ಪಾಸ್‌ವರ್ಡ್ ಕೇಳುತ್ತಾ ನಿಂತಿರುತ್ತದೆ. ಬೆಳಿಗ್ಗೆ ಯಾರಾದರೂ ಬಂದು ಕಂಪನಿ ತೆರೆಯುವ ತನಕ ಬಂದ ಬಿಲ್‌ಗಳೆಲ್ಲ ಕನೆಕ್ಟರ್‌ನ ಸರದಿಯಲ್ಲಿ ಕಾಯಬೇಕು. ಸರದಿಯೇ ಇಲ್ಲದ ಕನೆಕ್ಟರ್ ಆದರೆ ಕಳೆದೇಹೋಗುತ್ತವೆ. ‘ಪ್ರತಿದಿನ ಬೆಳಗಿನ ಬಿಲ್‌ಗಳು ಮಾತ್ರ ಬರುವುದಿಲ್ಲ’ ಎಂಬ ದೂರಿಗೆ ಇದೇ ಕಾರಣವಿರಬಹುದು.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಇಆರ್‌ಪಿನೆಕ್ಸ್ಟ್ ಕ್ಲೌಡ್‌ನಲ್ಲಿದೆ, ಟ್ಯಾಲಿ ಕಚೇರಿಯಲ್ಲಿದೆ ಎಂದುಕೊಂಡು ರೌಟರ್‌ನಲ್ಲಿ 9000 ಪೋರ್ಟನ್ನು ಇಂಟರ್‌ನೆಟ್‌ಗೆ ತೆರೆದಿಡುವವರಿದ್ದಾರೆ. ಆ ಪೋರ್ಟ್‌ಗೆ ತನ್ನದೇ ಪಾಸ್‌ವರ್ಡ್ ಇಲ್ಲ. ತೆರೆದಿರುವ ಕಂಪನಿಯ ಲೆಕ್ಕವನ್ನು ಹೊರಗಿನ ಯಾರು ಬೇಕಾದರೂ ಓದಬಹುದು, ಬರೆಯಲೂಬಹುದು. ಹಾಗೆ ತೆರೆದಿದ್ದರೆ ಈಗಲೇ ಮುಚ್ಚಿ. ಕನೆಕ್ಟರ್‌ನ ಒಂದು ಭಾಗ ಕಚೇರಿಯೊಳಗೇ ಇದ್ದು, ಅದೇ ಹೊರಗೆ ಹೋಗಿ ಕ್ಲೌಡ್‌ನಿಂದ ಬಿಲ್ ಕೇಳಿ ತರಲಿ.

200 ಎಂದರೆ ಬಿಲ್ ದಾಖಲಾಯಿತು ಎಂದಲ್ಲ

ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲಿ. ವೋಚರ್, ಅಂದರೆ ಟ್ಯಾಲಿಯಲ್ಲಿ ಬಿಲ್‌ನ ನಮೂದು, ತಿರಸ್ಕಾರವಾದರೂ ಟ್ಯಾಲಿ ಎಚ್‌ಟಿಟಿಪಿ 200 (ವೆಬ್ ಭಾಷೆಯಲ್ಲಿ ‘ಸರಿ’) ಎಂದೇ ಉತ್ತರಿಸುತ್ತದೆ. ಅದರ ಪ್ರಕಾರ ಸಂದೇಶ ತಲುಪಿತು, ಓದಿಯಾಯಿತು, ಅಷ್ಟೇ. ನಿಜವಾದ ತೀರ್ಪು ಉತ್ತರದ ಒಡಲಲ್ಲಿರುವ ಎಕ್ಸ್‌ಎಂಎಲ್ ಎಂಬ ಪಠ್ಯರೂಪದ ದತ್ತಾಂಶದಲ್ಲಿರುತ್ತದೆ: ಕ್ರಿಯೇಟೆಡ್, ಆಲ್ಟರ್ಡ್, ಇಗ್ನೋರ್ಡ್, ಎರರ್ಸ್ ಎಂಬ ಎಣಿಕೆಗಳು, ಜೊತೆಗೆ ಲೈನ್‌ಎರರ್ ಎಂಬ ವಿವರಣೆ. ಒಂದು ಹೊಸ ಬಿಲ್ ಕಳಿಸಿದರೆ ಕ್ರಿಯೇಟೆಡ್ 1 ಬರಬೇಕು, ಎರರ್ಸ್ 0 ಇರಬೇಕು. ಬೇರೆ ಏನು ಬಂದರೂ ಅದು ವಿಫಲ. ನಿಮ್ಮ ಕನೆಕ್ಟರ್ 200 ನೋಡಿ ಹಸಿರು ಗುರುತು ಹಾಕುತ್ತಿದ್ದರೆ ಅದರ ಲಾಗ್‌ನಲ್ಲಿರುವ ಯಾವ ‘ಯಶಸ್ವಿ’ಯನ್ನೂ ನಂಬುವಂತಿಲ್ಲ. ಮೊದಲು ಅದನ್ನು ತಿದ್ದಿಸಿ. ಪ್ರತಿ ಬಿಲ್‌ಗೂ ಕಳಿಸಿದ ಎಕ್ಸ್‌ಎಂಎಲ್ ಮತ್ತು ಬಂದ ಉತ್ತರ ಎರಡನ್ನೂ ಪೂರ್ತಿಯಾಗಿ ಉಳಿಸಿಡಲು ಹೇಳಿ. ಈ ಎರಡು ಕಡತ ಕೈಯಲ್ಲಿದ್ದರೆ ಮುಂದಿನದೆಲ್ಲ ಓದಿ ತಿಳಿಯಬಹುದಾದ ಕೆಲಸ.

ಲೈನ್‌ಎರರ್‌ನಲ್ಲಿ ಪದೇಪದೇ ಕಾಣುವವು ಕೆಲವೇ.

ಕಂಪನಿಯನ್ನು ಹೊಂದಿಸಲಾಗಲಿಲ್ಲ ಎಂಬ ಅರ್ಥದ, ‘ಎಸ್‌ವಿಕರೆಂಟ್‌ಕಂಪನಿ’ ಎಂಬ ಪದವಿರುವ ದೋಷ ಬಂದರೆ ಕನೆಕ್ಟರ್ ಕೇಳಿದ ಹೆಸರಿನ ಕಂಪನಿ ಟ್ಯಾಲಿಯಲ್ಲಿ ತೆರೆದಿಲ್ಲ, ಅಥವಾ ಹೆಸರು ಬದಲಾಗಿದೆ. ಏಪ್ರಿಲ್‌ನಲ್ಲಿ ಇದು ಹೆಚ್ಚು. ಹೊಸ ಆರ್ಥಿಕ ವರ್ಷಕ್ಕೆ ದತ್ತಾಂಶ ಒಡೆದಾಗ ಕಂಪನಿಯ ಹೆಸರಿನ ಬಾಲಕ್ಕೆ ಇಂಥ ತಾರೀಖಿನಿಂದ ಎಂಬ ಒಕ್ಕಣೆ ಸೇರಿಕೊಳ್ಳುತ್ತದೆ, ಕನೆಕ್ಟರ್ ಮಾತ್ರ ಹಳೆಯ ಹೆಸರನ್ನೇ ಹಿಡಿದು ಕೂತಿರುತ್ತದೆ. ದೋಷ ಬಂದರೆ ಪುಣ್ಯ. ಕನೆಕ್ಟರ್ ಕಂಪನಿಯ ಹೆಸರನ್ನೇ ಕಳಿಸದಿದ್ದರೆ ಆ ಕ್ಷಣಕ್ಕೆ ಟ್ಯಾಲಿಯಲ್ಲಿ ಯಾವ ಕಂಪನಿ ಚಾಲ್ತಿಯಲ್ಲಿದೆಯೋ ಅದಕ್ಕೇ ಬಿಲ್ ಬೀಳುತ್ತದೆ. ಅಕೌಂಟೆಂಟ್ ಮಧ್ಯಾಹ್ನ ಮಾಲೀಕರ ಇನ್ನೊಂದು ಸಂಸ್ಥೆಯ ಲೆಕ್ಕ ತೆರೆದಿದ್ದರೆ ಆ ಹೊತ್ತಿನ ಮಾರಾಟ ಅಲ್ಲಿ ಸಿಗುತ್ತದೆ. ಎಲ್ಲ ಲಾಗ್‌ಗಳೂ ಸರಿಯಿದ್ದು ಬಿಲ್ ಮಾತ್ರ ಇಲ್ಲವಾದರೆ ಉಳಿದ ಕಂಪನಿಗಳ ಡೇ ಬುಕ್ ನೋಡಿ.

ಡೆಬಿಟ್ ಕ್ರೆಡಿಟ್ ಮೊತ್ತ ತಾಳೆಯಾಗುತ್ತಿಲ್ಲ ಎಂಬುದು ಇನ್ನೊಂದು. ಮೊತ್ತಗಳ ಚಿಹ್ನೆ ಮೊದಲು ನೋಡಿ. ಟ್ಯಾಲಿಯ ಎಕ್ಸ್‌ಎಂಎಲ್‌ನಲ್ಲಿ ಡೆಬಿಟ್ ಮೊತ್ತ ಋಣ, ಕ್ರೆಡಿಟ್ ಮೊತ್ತ ಧನ. ಹೊಸಬರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಚಿಹ್ನೆ ಸರಿಯಿದ್ದು ವ್ಯತ್ಯಾಸ ಒಂದೆರಡು ಪೈಸೆಯಷ್ಟೇ ಇದ್ದರೆ ಅದು ಪೂರ್ಣಾಂಕಗೊಳಿಸುವ ಜಗಳ. ತೆರಿಗೆಯಿಲ್ಲದ ಬೆಲೆ 99.50 ರೂಪಾಯಿ, ಜಿಎಸ್‌ಟಿ ಶೇ 18 ಎಂದಿಟ್ಟುಕೊಳ್ಳಿ. ಒಟ್ಟಿಗೆ ಲೆಕ್ಕ ಹಾಕಿದರೆ ತೆರಿಗೆ 17.91, ಬಿಲ್ 117.41. ಕೇಂದ್ರಕ್ಕೆ ಶೇ 9, ರಾಜ್ಯಕ್ಕೆ ಶೇ 9 ಎಂದು ಬಿಡಿಸಿದರೆ ತಲಾ 8.955, ಪೈಸೆಗೆ ಮುಗಿಸಿದರೆ 8.96, ಎರಡೂ ಸೇರಿ 17.92, ಬಿಲ್ 117.42. ಗ್ರಾಹಕರ ಸಾಲಿನಲ್ಲಿ ಒಂದು ಲೆಕ್ಕ, ತೆರಿಗೆಯ ಸಾಲುಗಳಲ್ಲಿ ಇನ್ನೊಂದು ಲೆಕ್ಕ ಹೋದರೆ ಟ್ಯಾಲಿ ಒಪ್ಪುವುದಿಲ್ಲ, ಒಪ್ಪಲೂಬಾರದು. ಕನೆಕ್ಟರ್ ತೆರಿಗೆಯನ್ನು ತಾನು ಮತ್ತೆ ಲೆಕ್ಕ ಹಾಕಲೇಬಾರದು. ಇಆರ್‌ಪಿನೆಕ್ಸ್ಟ್ ಬಿಲ್‌ನಲ್ಲಿ ಛಾಪಿಸಿದ ಅಂಕಿಗಳನ್ನೇ ಸಾಲುಸಾಲಾಗಿ ಒಯ್ಯಬೇಕು, ರೌಂಡ್ ಆಫ್ ಮೊತ್ತಕ್ಕೆ ಪ್ರತ್ಯೇಕ ಲೆಡ್ಜರ್ ಸಾಲು ಇರಬೇಕು.

ಕೆಲವು ದಿನಾಂಕದ ಬಿಲ್ ಮಾತ್ರ ಒಳಗೆ ಹೋಗುತ್ತಿದ್ದು ಆ ದಿನಾಂಕಗಳು 1, 2, 31 ಆಗಿದ್ದರೆ ಮುಂದೆ ಹುಡುಕಬೇಡಿ. ಟ್ಯಾಲಿ ಎಜುಕೇಶನಲ್ ಮೋಡ್‌ನಲ್ಲಿ ತೆರೆದುಕೊಂಡಿದೆ. ಲೈಸೆನ್ಸ್ ಸರಿಪಡಿಸಿ.

‘ಲೆಡ್ಜರ್ ಇಲ್ಲ’ ಎನ್ನುತ್ತದೆ, ಕಣ್ಣೆದುರೇ ಇದೆ

ಈ ಹೆಸರಿನ ಲೆಡ್ಜರ್ ಇಲ್ಲ ಎಂಬ ದೋಷವೇ ಎಲ್ಲಕ್ಕಿಂತ ಹೆಚ್ಚು ಬರುತ್ತದೆ, ಹೆಚ್ಚು ಹೊತ್ತು ತಿನ್ನುವುದೂ ಇದೇ. ನೇರವಾದ ಕಾರಣ, ಅಕೌಂಟೆಂಟ್ ಟ್ಯಾಲಿಯಲ್ಲಿ ಹೆಸರು ತಿದ್ದಿರುತ್ತಾರೆ. ಒಂದೇ ಹೆಸರಿನ ಇಬ್ಬರು ಗ್ರಾಹಕರಿದ್ದರೆ ಕೊನೆಗೆ ‘ಹುಬ್ಬಳ್ಳಿ’, ‘ಗದಗ’ ಎಂದು ಸೇರಿಸುವುದು ಅವರ ಕೆಲಸಕ್ಕೆ ಅಗತ್ಯವೇ. ಹೆಸರಿನ ಮೇಲೆ ಜೋಡಣೆ ನಿಂತಿರುವುದೇ ಇಲ್ಲಿನ ತಪ್ಪು. ಇಆರ್‌ಪಿನೆಕ್ಸ್ಟ್‌ನ ಗ್ರಾಹಕ ಸಂಕೇತವನ್ನು ಟ್ಯಾಲಿ ಲೆಡ್ಜರ್‌ನ ಅಲಿಯಾಸ್ ಜಾಗದಲ್ಲಿ ಬರೆದಿಡಿ. ಕನೆಕ್ಟರ್ ಅಲಿಯಾಸ್ ನೋಡಿ ಈಗಿನ ಹೆಸರು ಯಾವುದೆಂದು ಹುಡುಕಿಕೊಳ್ಳಲಿ. ಅಕೌಂಟೆಂಟ್ ಆಮೇಲೆ ಹೆಸರನ್ನು ಹೇಗೆ ಬೇಕಾದರೂ ತಿದ್ದಬಹುದು.

ಹೆಸರಿನಲ್ಲಿ & ಚಿಹ್ನೆ ಇದ್ದರೆ ಎಕ್ಸ್‌ಎಂಎಲ್‌ನಲ್ಲಿ ಅದನ್ನು ಹಾಗೆಯೇ ಬರೆಯುವಂತಿಲ್ಲ, ಅದಕ್ಕೆ ನಿಗದಿಯಾದ ಸಂಕೇತರೂಪದಲ್ಲಿ ಕಳಿಸಬೇಕು. ‘ಅಂಡ್ ಸನ್ಸ್’, ‘ಅಂಡ್ ಕೋ’ ಗ್ರಾಹಕರ ಬಿಲ್‌ಗಳು ಮಾತ್ರ ತಿರಸ್ಕಾರವಾಗುತ್ತಿದ್ದರೆ ಇದೇ ಕಾರಣ. ಎಕ್ಸ್‌ಎಂಎಲ್ಲನ್ನು ಪಠ್ಯ ಅಂಟಿಸಿ ಕಟ್ಟದೆ ಲೈಬ್ರರಿಯಿಂದ ಕಟ್ಟಿಸಿದರೆ ಈ ತೊಂದರೆ ಬೇರುಸಹಿತ ಹೋಗುತ್ತದೆ.

ಕನ್ನಡದಲ್ಲಿ ಲೆಡ್ಜರ್ ಹೆಸರು ಇಡುವವರಿಗೆ ಇನ್ನಷ್ಟು ಸೂಕ್ಷ್ಮ ತೊಡಕುಗಳಿವೆ. ಅವನ್ನು ಕಂಡು ‘ಕನ್ನಡ ಬೇಡ, ಇಂಗ್ಲಿಷ್ ಹಾಕಿ’ ಎನ್ನುವ ಸಲಹೆ ಬೇಗ ಬರುತ್ತದೆ. ಬೇಕಿಲ್ಲ, ಇವೆಲ್ಲಕ್ಕೂ ಪರಿಹಾರವಿದೆ. ಹೆಸರಿನ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದರೆ ಹೆಡರ್‌ನಲ್ಲಿ ಘೋಷಿಸಿದ ಅಕ್ಷರ ಸಂಕೇತ ಮತ್ತು ಸಂದೇಶದ ನಿಜವಾದ ಸಂಕೇತ ಹೊಂದುತ್ತಿಲ್ಲ. ಎರಡೂ ಯುಟಿಎಫ್-8 ಇರಲಿ, ಅಥವಾ ಎರಡೂ ಯುಟಿಎಫ್-16 ಇರಲಿ. ಕನ್ನಡ ಹೆಸರಿರುವ ಬಿಲ್‌ಗಳ ಎಕ್ಸ್‌ಎಂಎಲ್ ಬಾಲ ಕತ್ತರಿಸಿ ಹೋಗುತ್ತಿದ್ದರೆ ಸಂದೇಶದ ಉದ್ದವನ್ನು ಅಕ್ಷರಗಳಲ್ಲಿ ಎಣಿಸಿದ್ದಾರೆ, ಬೈಟ್‌ಗಳಲ್ಲಿ ಎಣಿಸಬೇಕು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತವೂ 3 ಬೈಟ್ ತೆಗೆದುಕೊಳ್ಳುತ್ತದೆ.

ನಿಜಕ್ಕೂ ಕಾಡುವುದು ಕಣ್ಣಿಗೆ ಕಾಣದ ವ್ಯತ್ಯಾಸ. ‘ಎಕ್ಸ್‌ಪೋರ್ಟ್ಸ್’ ಎಂದು ಬರೆಯುವಾಗ ಸ್ ಮತ್ತು ಪೋ ಒತ್ತಕ್ಷರವಾಗಿ ಅಂಟಿಕೊಳ್ಳದಿರಲು ನಡುವೆ ಅದೃಶ್ಯವಾದ ಒಂದು ಸಂಕೇತ ಕೂರುತ್ತದೆ. ಒಬ್ಬರ ಕೀಲಿಮಣೆ ಅದನ್ನು ಎರಡು ಸಲ ಹಾಕಿರಬಹುದು, ಹೆಸರಿನ ಕೊನೆಯಲ್ಲೂ ಒಂದು ಉಳಿದುಕೊಂಡಿರಬಹುದು. ಹಾಗೆಯೇ ‘ಪೋ’ದಲ್ಲಿನ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡುಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಎರಡು ಬೇರೆ ಪದ. ಟ್ಯಾಲಿಯಿಂದ ಆ ಲೆಡ್ಜರ್ ಹೆಸರನ್ನು ಹೊರತೆಗೆದು, ಕನೆಕ್ಟರ್ ಕಳಿಸಿದ ಹೆಸರಿನ ಪಕ್ಕ ಇಟ್ಟು, ಎರಡರ ಯುನಿಕೋಡ್ ಸಂಖ್ಯೆಗಳನ್ನು ಒಂದೊಂದಾಗಿ ಹೋಲಿಸಿ ನೋಡಿ. ಎರಡೂ ಕಡೆಯ ಹೆಸರನ್ನು ಹೋಲಿಸುವ ಮೊದಲು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳು ಒಂದೇ ಸಂಕೇತವಾಗುವ ಯುನಿಕೋಡ್ ರೂಪಕ್ಕೆ, ತಂದು, ತುದಿಗಳಲ್ಲಿನ ಮತ್ತು ಪುನರಾವರ್ತನೆಯಾದ ಅದೃಶ್ಯ ಸಂಕೇತಗಳನ್ನು ತೆಗೆದರೆ ಸಾಕು. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪಿಸಿದ ಪಟ್ಟಿಯಿಂದ ಹೆಸರು ನಕಲು ಮಾಡಿದ್ದರೆ ಮಾತ್ರ ಕತೆ ಬೇರೆ: ಅದು ಯುನಿಕೋಡ್ ಅಲ್ಲ, ಪೂರ್ತಿ ಪರಿವರ್ತಿಸಿಯೇ ಬಳಸಬೇಕು.

ಲೆಡ್ಜರ್ ಪಟ್ಟಿಯನ್ನು ಟ್ಯಾಲಿಯಿಂದ ಓದುವಾಗಲೇ ಕನೆಕ್ಟರ್ ‘ಅಮಾನ್ಯ ಅಕ್ಷರ’ ಎಂದು ಬಿದ್ದರೆ ಉತ್ತರದಲ್ಲಿ &#4; ಎಂಬ ತುಣುಕು ಹುಡುಕಿ. ‘ಪ್ರೈಮರಿ’ಯಂಥ ತನ್ನ ಆಂತರಿಕ ಹೆಸರುಗಳ ಮುಂದೆ ಟ್ಯಾಲಿ ಇದನ್ನು ಇಡುತ್ತದೆ. ಎಕ್ಸ್‌ಎಂಎಲ್ 1.0 ನಿಯಮದಲ್ಲಿ ಇದಕ್ಕೆ ಜಾಗವಿಲ್ಲ. ಎಕ್ಸ್‌ಎಂಎಲ್ ಓದುವ ಪಾರ್ಸರ್‌ಗೆ ಕೊಡುವ ಮುಂಚೆ ಅಳಿಸಿ.

ಬಂದಿದೆ, ಆದರೆ ತಪ್ಪಾಗಿ

ಎಲ್ಲ ಬಿಲ್‌ಗಳೂ ಒಂದು ದಿನ ಹಿಂದೆ ಬಿದ್ದಿದ್ದರೆ ಯಾರೋ ದಿನಾಂಕವನ್ನು ಸಮಯವಾಗಿ ಪರಿವರ್ತಿಸಿದ್ದಾರೆ. ನಮ್ಮ ರಾತ್ರಿ 12 ಗಂಟೆ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ, ಹಿಂದಿನ ದಿನದ ಸಂಜೆ 6:30. ಬೆಳಿಗ್ಗೆ 5:30ಕ್ಕೆ ಮುಂಚಿನ ಬಿಲ್‌ಗಳು ಮಾತ್ರ ಹಿಂದೆ ಬಿದ್ದಿದ್ದರೆ ಪೋಸ್ಟಿಂಗ್ ದಿನಾಂಕದ ಬದಲು ಸರ್ವರ್ ಗಡಿಯಾರದ ಹೊತ್ತನ್ನು ಬಳಸಿದ್ದಾರೆ. ಏಪ್ರಿಲ್ 1ರ ಬಿಲ್ ಮಾರ್ಚ್ 31ಕ್ಕೆ ಹೋದರೆ ಅದು ಹಿಂದಿನ ಆರ್ಥಿಕ ವರ್ಷಕ್ಕೇ ಹೋದಂತೆ. ಪೋಸ್ಟಿಂಗ್ ದಿನಾಂಕವನ್ನು ಅಕ್ಷರಮಾಲೆಯಾಗಿಯೇ ತೆಗೆದುಕೊಂಡು, ಅಡ್ಡಗೆರೆ ತೆಗೆದು, ವರ್ಷ ತಿಂಗಳು ದಿನದ ಎಂಟು ಅಂಕಿಗಳಾಗಿ ಕಳಿಸಿ. 2025ರ ಏಪ್ರಿಲ್ 1 ಎಂದರೆ 20250401, ಅಷ್ಟೇ.

ಒಂದೇ ಬಿಲ್ ಎರಡು ಸಲ ಇದ್ದರೆ ಮೇಲೆ ಹೇಳಿದಂತೆ ಮತ್ತೆ ಕಳಿಸಿದ್ದು ಕಾರಣ: ಟ್ಯಾಲಿ ಬರೆದುಕೊಂಡಿತ್ತು, ಉತ್ತರ ತಡವಾಯಿತು, ಕನೆಕ್ಟರ್ ಮತ್ತೆ ಕಳಿಸಿತು. ಪ್ರತಿ ವೋಚರ್‌ಗೂ ಇಆರ್‌ಪಿನೆಕ್ಸ್ಟ್ ಬಿಲ್‌ನಿಂದಲೇ ಹುಟ್ಟುವ ಬದಲಾಗದ ಗುರುತು, ರಿಮೋಟ್‌ಐಡಿ, ಕೊಡಿ. ಆಗ ಎರಡನೇ ಸಲ ಬಂದದ್ದು ಕ್ರಿಯೇಟೆಡ್ ಆಗುವುದಿಲ್ಲ, ಆಲ್ಟರ್ಡ್ ಆಗುತ್ತದೆ. ಕಳಿಸುವ ಪ್ರತಿ ಸಲ ಹೊಸ ಐಡಿ ಹುಟ್ಟಿಸುವ ಕನೆಕ್ಟರ್‌ಗಳೂ ಇವೆ. ಅಂಥ ಐಡಿ ಇದ್ದೂ ಇಲ್ಲದಂತೆ.

ಎರಡು ಸಲ ಬಿದ್ದ ಬಿಲ್‌ಗಳಲ್ಲಿ ಒಂದರ ಸಂಖ್ಯೆಯ ಕೊನೆಗೆ -1 ಇದ್ದರೆ ಅದು ಬೇರೆ ದೋಷ. ಇಆರ್‌ಪಿನೆಕ್ಸ್ಟ್‌ನಲ್ಲಿ ಬಿಲ್ ರದ್ದುಮಾಡಿ ತಿದ್ದುಪಡಿ ಮಾಡಿದರೆ ಹೊಸದು -1 ಎಂಬ ಬಾಲದೊಂದಿಗೆ ಹುಟ್ಟುತ್ತದೆ. ಸಬ್‌ಮಿಟ್‌ಗೆ ಮಾತ್ರ ವೆಬ್‌ಹುಕ್ ಇಟ್ಟು ಕ್ಯಾನ್ಸಲ್‌ಗೆ ಇಡದಿದ್ದರೆ ಹಳೆಯದು ಟ್ಯಾಲಿಯಲ್ಲಿ ಜೀವಂತವಾಗಿಯೇ ಉಳಿಯುತ್ತದೆ. ಕ್ಯಾನ್ಸಲ್‌ಗೂ ವೆಬ್‌ಹುಕ್ ಇಡಿ. ಟ್ಯಾಲಿಯಲ್ಲಿ ಆ ವೋಚರನ್ನು ಅಳಿಸದೆ ರದ್ದುಮಾಡಿಸಿ, ಸಂಖ್ಯೆಯ ಸರಣಿಯಲ್ಲಿ ಅದರ ಜಾಗ ಉಳಿಯಬೇಕು.

ಸಂಖ್ಯೆಯ ವಿಷಯದಲ್ಲಿ ಇನ್ನೂ ಎರಡು ಇವೆ. ಟ್ಯಾಲಿಯ ಸೇಲ್ಸ್ ವೋಚರ್ ಸಂಖ್ಯೆ ಸ್ವಯಂಚಾಲಿತವಾಗಿದ್ದರೆ ನೀವು ಕಳಿಸಿದ ಬಿಲ್ ಸಂಖ್ಯೆ ಬದಿಗೆ ಹೋಗಿ ಟ್ಯಾಲಿ ತನ್ನದನ್ನು ಹಾಕಿಕೊಳ್ಳುತ್ತದೆ. ಗ್ರಾಹಕರ ಕೈಯಲ್ಲಿರುವ ಬಿಲ್‌ಗೆ ಒಂದು ಸಂಖ್ಯೆ, ಜಿಎಸ್‌ಟಿಆರ್-1ರಲ್ಲಿ, ಅಂದರೆ ನೀವು ಸಲ್ಲಿಸುವ ಮಾರಾಟದ ರಿಟರ್ನ್‌ನಲ್ಲಿ, ಇನ್ನೊಂದು. ಅವರ ಜಿಎಸ್‌ಟಿಆರ್-2ಬಿ ಎಂಬ ಖರೀದಿ ಪಟ್ಟಿಯಲ್ಲಿ ಬಿಲ್ ಹೊಂದದೆ ಅವರ ತೆರಿಗೆ ಜಮೆಗೆ ಅಡ್ಡಿಯಾಗುತ್ತದೆ, ಫೋನ್ ನಿಮಗೆ ಬರುತ್ತದೆ. ಆ ವೋಚರ್ ಪ್ರಕಾರಕ್ಕೆ ಮ್ಯಾನ್ಯುಯಲ್ ಸಂಖ್ಯೆ ಇಡಿ, ನಕಲು ತಡೆಯುವ ಆಯ್ಕೆಯನ್ನೂ ಹಾಕಿ. ಎರಡನೆಯದು ಉದ್ದ. ಜಿಎಸ್‌ಟಿ ನಿಯಮ 46ರ ಪ್ರಕಾರ ಬಿಲ್ ಸಂಖ್ಯೆ 16 ಅಕ್ಷರ ಮೀರುವಂತಿಲ್ಲ, ವಿಶೇಷ ಚಿಹ್ನೆಗಳಲ್ಲಿ ಅಡ್ಡಗೆರೆ ಮತ್ತು ಓರೆಗೆರೆ ಮಾತ್ರ ಇರಬಹುದು. ಇಆರ್‌ಪಿನೆಕ್ಸ್ಟ್‌ನ ಮೂಲ ನಾಮಸರಣಿಯನ್ನು ಹಾಗೇ ಬಿಟ್ಟರೆ ವರ್ಷ, ಐದು ಅಂಕಿ ಎಲ್ಲ ಸೇರಿ 19 ಅಕ್ಷರವಾಗುತ್ತದೆ. ಕನೆಕ್ಟರ್‌ನಲ್ಲಿ ಕತ್ತರಿಸಿ ಹೊಂದಿಸಲು ಹೋಗಬೇಡಿ, ಇಆರ್‌ಪಿನೆಕ್ಸ್ಟ್‌ನಲ್ಲೇ ಚಿಕ್ಕ ಸರಣಿ ಮಾಡಿ, -1ಕ್ಕೂ ಜಾಗ ಬಿಡಿ.

ಸರಬರಾಜಿನ ಸ್ಥಳವನ್ನೂ ಒಮ್ಮೆ ನೋಡಿಬಿಡಿ. ಇಆರ್‌ಪಿನೆಕ್ಸ್ಟ್ ‘29-ಕರ್ನಾಟಕ’ ಎಂದು ರಾಜ್ಯ ಸಂಕೇತ ಸೇರಿಸಿ ಇಡುತ್ತದೆ, ಟ್ಯಾಲಿಗೆ ರಾಜ್ಯದ ಹೆಸರಷ್ಟೇ ಬೇಕು. ಸಂಕೇತವನ್ನು ಕಳಚದೆ ಕಳಿಸಿದ ಬಿಲ್‌ಗಳು ಜಿಎಸ್‌ಟಿಆರ್-1 ವರದಿಯಲ್ಲಿ ತಿದ್ದಬೇಕಾದ ವ್ಯವಹಾರಗಳ ಪಟ್ಟಿಗೆ ಹೋಗಿ ಬೀಳಬಹುದು.

ಉಳಿದವನ್ನು ಮತ್ತೆ ಕಳಿಸುವಾಗ

ಆರಿಸಿಕೊಂಡ ಆ ಒಂದು ಬಿಲ್ ಸರಿಯಾಗಿ ಬಂದ ಮೇಲೆ ಆಲ್ಟ್ ಮತ್ತು ವೈ ಒತ್ತಿ ಡೇಟಾ ಪಟ್ಟಿಯಿಂದ ಟ್ಯಾಲಿ ಬ್ಯಾಕಪ್ ತೆಗೆಯಿರಿ. ಇಆರ್‌ಪಿನೆಕ್ಸ್ಟ್‌ನ ಸಬ್‌ಮಿಟ್ ಆದ ಬಿಲ್‌ಗಳ ಪಟ್ಟಿ, ಟ್ಯಾಲಿಯ ಸೇಲ್ಸ್ ರಿಜಿಸ್ಟರ್ ಎರಡನ್ನೂ ಎಕ್ಸೆಲ್‌ಗೆ ತಂದು ಸಂಖ್ಯೆ, ದಿನಾಂಕ, ಮೊತ್ತ ಮೂರನ್ನೂ ಹೋಲಿಸಿ. ಒಟ್ಟು ಮೊತ್ತ ಹೊಂದಿದರೆ ಸಾಲದು, ಒಂದು ಕಾಣೆಯಾದದ್ದೂ ಒಂದು ಎರಡು ಸಲ ಬಿದ್ದದ್ದೂ ಸಮನಾಗಿಬಿಟ್ಟಿರಬಹುದು. ಅಲ್ಲಿದ್ದು ಇಲ್ಲಿಲ್ಲದವನ್ನು ಮಾತ್ರ, ದಿನಾಂಕದ ಕ್ರಮದಲ್ಲಿ, ಒಂದರ ಉತ್ತರ ಓದಿ ಇನ್ನೊಂದನ್ನು ಕಳಿಸಿ. ಎರಡು ಸಲ ಬಿದ್ದವನ್ನು ಯಾವುದು ಉಳಿಯಬೇಕೆಂದು ಅಕೌಂಟೆಂಟ್ ಗುರುತು ಹಾಕಿದ ಮೇಲೆಯೇ ತೆಗೆಯಿರಿ, ಅದಕ್ಕೆ ಪಾವತಿ ಹೊಂದಿಸಿರಬಹುದು. ಜಿಎಸ್‌ಟಿಆರ್-1 ಸಲ್ಲಿಸಿಯಾದ ತಿಂಗಳ ಬಿಲ್‌ಗಳಿದ್ದರೆ ಆ ಪಟ್ಟಿಯನ್ನು ಬೇರೆ ತೆಗೆದು ಆಡಿಟರ್‌ಗೆ ಕೊಡಿ. ಮುಂದಿನ ತಿಂಗಳ ರಿಟರ್ನ್‌ನಲ್ಲಿ ಅವನ್ನು ಹೇಗೆ ತೋರಿಸಬೇಕೆಂದು ಅವರು ಹೇಳುವ ತನಕ ಆ ಬಿಲ್‌ಗಳು ಕನೆಕ್ಟರ್‌ನ ಸರದಿಯಲ್ಲೇ ತಡೆಹಿಡಿದಿರಲಿ.